ರೊಟ್ಟಿ ಹಂಚಿನ ಮೇಲೆ ಪಿಜ್ಜಾ: ಓವನ್ ಬೇಡ, ಖರ್ಚೂ ಕಡಿಮೆ

ನಮ್ಮ ಮನೆಯಲ್ಲಿ ಮೊದಲ ಸಲ ಪಿಜ್ಜಾ ಮಾಡಿದ ದಿನ ಯಾರೂ ಅದನ್ನು ಪೂರ್ತಿ ತಿನ್ನಲಿಲ್ಲ. ಕೆಳಗೆ ಚರ್ಮದ ಹಾಗೆ ಗಟ್ಟಿ, ನಡುವೆ ಹಸಿ ಹಿಟ್ಟು, ಮೇಲೆ ರಬ್ಬರಿನಂಥ ಚೀಸ್. ಮಕ್ಕಳು ಚೀಸ್ ಕಿತ್ತುಕೊಂಡು ತಿಂದು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಅತ್ತೆ ಹೇಳಿದ್ದು ಇಷ್ಟೇ: "ಹಂಚು ಕಾದಿಲ್ಲವಾ. ಕಾಯದ ಹಂಚಿನ ಮ್ಯಾಲೆ ಹಾಕಿದ್ರ ರೊಟ್ಟೀನೂ ಹಿಂಗ ಆಗತದ."

ಅವರು ಒಮ್ಮೆಯೂ ಪಿಜ್ಜಾ ಮಾಡಿದವರಲ್ಲ. ಆದರೆ ಐವತ್ತು ವರ್ಷ ಜೋಳದ ರೊಟ್ಟಿ ಬಡಿದವರು. ಅವರ ಮಾತು ಕೇಳಿದ ಮೇಲೆ ನನಗೂ ತಲೆಗೆ ಹೋಯಿತು: ಪಿಜ್ಜಾನೂ ಒಂದು ರೊಟ್ಟಿಯೇ. ರೊಟ್ಟಿ ಚೆನ್ನಾಗಿ ಬಂದರೆ ಮೇಲಿನ ಚೀಸ್ ಅರ್ಧಕ್ಕೆ ಇಳಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಚೀಸ್ ಅರ್ಧವಾದರೆ ಖರ್ಚು ಇಳಿಯುತ್ತದೆ, ಕೊಬ್ಬೂ ಇಳಿಯುತ್ತದೆ. ರೊಟ್ಟಿ ಕೆಟ್ಟರೆ ಮಾತ್ರ ಎಷ್ಟು ಚೀಸ್ ಸುರಿದರೂ ನಮ್ಮ ಮೊದಲ ಪಿಜ್ಜಾದ ಗತಿಯೇ. ಹಾಗಾಗಿ ಈ ಲೇಖನದಲ್ಲಿ ಹಿಟ್ಟಿನ ಮಾತು ಜಾಸ್ತಿ, ಚೀಸ್ ಮಾತು ಕಡಿಮೆ.

ಕೆಳಗಿನ ಅಳತೆ ನಾಲ್ಕು ಸಣ್ಣ ಪಿಜ್ಜಾಗಳಿಗೆ. ಒಂದೊಂದೂ ಏಳೆಂಟು ಇಂಚು ಅಗಲ, ಒಬ್ಬರಿಗೆ ಒಂದು ಸಾಕು. ಸಾಮಾನ್ಯ ರೊಟ್ಟಿ ಹಂಚಿಗೂ ಈ ಅಳತೆ ಸರಿಯಾಗಿ ಕೂರುತ್ತದೆ.

ಯಾವ ಹಿಟ್ಟು?

ಹೊರಗೆ ಸಿಗುವ ಪಿಜ್ಜಾ ಬಹುಪಾಲು ಮೈದಾದ್ದು. ಗೋಧಿಯ ತೌಡು, ಮೊಳಕೆ ಭಾಗ ಎರಡನ್ನೂ ತೆಗೆದು ಉಳಿದ ಬಿಳಿ ಹಿಟ್ಟೇ ಮೈದಾ. ನಾರಿನ ಅಂಶ ಹೆಚ್ಚುಕಡಿಮೆ ತೌಡಿನ ಜೊತೆಗೇ ಹೋಗಿಬಿಡುತ್ತದೆ. ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ ಇದ್ದರೆ ಮೈದಾದಲ್ಲಿ ಮೂರು ಗ್ರಾಂ ಸಹ ಇರುವುದಿಲ್ಲ. ಗೋಧಿ ಹಿಟ್ಟಿನ ಪಿಜ್ಜಾ ಒಂದು ತಿಂದರೆ ಹೊಟ್ಟೆ ತುಂಬುತ್ತದೆ, ಮೈದಾದ್ದು ಎರಡು ತಿಂದರೂ ಇನ್ನೊಂದು ಬೇಕು ಅನ್ನಿಸುತ್ತದೆ. ಕಾರಣ ಇದೇ.

ಆದರೆ ಚಪಾತಿ ಹಿಟ್ಟನ್ನು ಮೈದಾದ ಹಾಗೆಯೇ ಕಲಸಿದರೆ ಇಟ್ಟಿಗೆ ಬರುತ್ತದೆ. ಹಿಟ್ಟು ಉಬ್ಬಬೇಕಾದರೆ ಒಳಗೆ ಹುಟ್ಟುವ ಗಾಳಿಯನ್ನು ಹಿಡಿದಿಡುವ ಜಿಗುಟು ಬಲೆ ಬೇಕು. ಗ್ಲುಟನ್ ಅನ್ನುವುದು ಅದನ್ನೇ. ತೌಡಿನ ಚೂಪು ಚೂರುಗಳು ಈ ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ. ಜೊತೆಗೆ ತೌಡು ನೀರು ಕುಡಿಯುತ್ತಲೇ ಇರುತ್ತದೆ. ಕಲಸುವಾಗ ಮೆತ್ತಗಿದ್ದ ಹಿಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಗಟ್ಟಿ ಆಗಿರುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ? ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಇನ್ನೂ ಜಾಸ್ತಿ ನೀರು ಕೇಳುತ್ತದೆ. ಕಲ್ಲಿನ ಉಜ್ಜಾಟಕ್ಕೆ ಹಿಟ್ಟಿನ ಪಿಷ್ಟದ ಕಾಳುಗಳು ಸೀಳಿರುತ್ತವೆ, ಸೀಳಿದ ಕಾಳು ಬೇಗ ನೀರು ಹೀರುತ್ತದೆ.

ಇದಕ್ಕೆ ಪರಿಹಾರ ಎರಡು. ನೀರು ಜಾಸ್ತಿ ಹಾಕಬೇಕು, ಹಿಟ್ಟಿಗೆ ನೆನೆಯಲು ಹೊತ್ತು ಕೊಡಬೇಕು.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: 400 ಗ್ರಾಂ ಹಿಟ್ಟಿನಲ್ಲಿ 280 ಗ್ರಾಂ ಗೋಧಿ, 120 ಗ್ರಾಂ ಮೈದಾ ಇರಲಿ. ಪೂರ್ತಿ ಗೋಧಿಯಲ್ಲೇ ಶುರು ಮಾಡಿ, ಕೈ ಸೋತು, ಮತ್ತೆ ಹೊರಗಿನಿಂದ ತರಿಸುವುದಕ್ಕಿಂತ ಇದು ಮೇಲು. ಎರಡು ಮೂರು ಸಲ ಆದ ಮೇಲೆ ಮೈದಾ ತಾನಾಗಿ ಕಡಿಮೆ ಮಾಡುತ್ತಾ ಹೋಗಬಹುದು. ನಾನು ಈಗ ಪೂರ್ತಿ ಗೋಧಿಯಲ್ಲೇ ಮಾಡುತ್ತೇನೆ. ನೆಂಟರು ಬಂದ ದಿನ ಮಾತ್ರ ಒಂದು ಹಿಡಿ ಮೈದಾ ಸೇರುತ್ತದೆ, ಸುಳ್ಳು ಹೇಳುವುದಿಲ್ಲ.

ಗೋಧಿಯಲ್ಲೂ ಬೇರೆ ಬೇರೆ ಇವೆ. ಚಪಾತಿಗೆ ಅಂತ ಅಂಗಡಿಯಲ್ಲಿ ಕೊಡುವ ಗೋಧಿಯೇ ಪಿಜ್ಜಾಗೂ ಆಗುತ್ತದೆ. ನಮ್ಮ ಭಾಗದ ಸದಕ, ಅಂದರೆ ಜವೆ ಗೋಧಿ, ಹುಗ್ಗಿಗೆ, ಮಾದಲಿಗೆ ಅದನ್ನು ಬಿಟ್ಟರಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲೇ ಡಿಡಿಕೆ 1025, ಡಿಡಿಕೆ 1029 ಅಂತ ತಳಿಗಳನ್ನೂ ಕೊಟ್ಟಿದೆ. ಆದರೆ ಅದರ ಜಿಗುಟು ದುರ್ಬಲ. ಬರೀ ಸದಕದಲ್ಲಿ ಪಿಜ್ಜಾ ಎಳೆದರೆ ಹರಿಯುತ್ತದೆ. ಬೇಕೆಂದರೆ ಕಾಲು ಭಾಗ ಬೆರೆಸಿ, ರುಚಿ ಸಿಹಿಸಿಹಿ ಬರುತ್ತದೆ. ಜೋಳದ ಹಿಟ್ಟಿನ ಕಥೆಯೂ ಇದೇ. ಜೋಳದಲ್ಲಿ ಗ್ಲುಟನ್ ಇಲ್ಲವೇ ಇಲ್ಲ. ನೂರು ಗ್ರಾಂವರೆಗೆ ಬೆರೆಸಿದರೆ ಅಂಚು ಕರುಮ್ ಅನ್ನುತ್ತದೆ, ಅದಕ್ಕಿಂತ ಮೇಲೆ ಹೋದರೆ ಉಬ್ಬುವುದಿಲ್ಲ.

ಸಾಣಗಿ ಹಿಡಿದು ತೌಡು ತೆಗೆಯುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಇವತ್ತೊಂದು ದಿನ ಬಿಡಿ. ನಾವು ಇಷ್ಟೆಲ್ಲ ಮಾಡುತ್ತಿರುವುದು ಆ ತೌಡು ಹೊಟ್ಟೆಗೆ ಹೋಗಲಿ ಅಂತಲೇ.

ಹಿಂದಿನ ರಾತ್ರಿ ಕಲಸಿಡುವುದು

400 ಗ್ರಾಂ ಹಿಟ್ಟಿಗೆ ಬೇಕಾದದ್ದು: 280 ಮಿಲಿ ನೀರು, ಒಂದು ಚಹಾ ಚಮಚ ಉಪ್ಪು, ಅರ್ಧ ಚಹಾ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ. ಸಕ್ಕರೆ ಬೇಕಾಗಿಲ್ಲ. ತಕ್ಕಡಿ ಇಲ್ಲದಿದ್ದರೆ 240 ಮಿಲಿಯ ಕಪ್ಪಿನಲ್ಲಿ ಮೂರೂಕಾಲು ಕಪ್ಪು ಹಿಟ್ಟು ಹಿಡಿಯಿರಿ. ಪೂರ್ತಿ ಗೋಧಿಯಾದರೆ ಇನ್ನೂ 20 ಮಿಲಿ ನೀರು ಕೈಯಲ್ಲಿರಲಿ.

ಮೊದಲು ಹಿಟ್ಟು ಮತ್ತು ನೀರು ಎರಡನ್ನೇ ಕಲಸಿ. ನಾದುವುದು ಬೇಡ, ಒಣ ಹಿಟ್ಟು ಕಾಣದ ಹಾಗೆ ಸೇರಿಸಿದರೆ ಸಾಕು. ಮುಚ್ಚಿಟ್ಟು ಅರ್ಧ ಗಂಟೆ ಬೇರೆ ಕೆಲಸ ನೋಡಿ. ಈ ಅರ್ಧ ಗಂಟೆಯಲ್ಲಿ ತೌಡು ನೆನೆದು ಮೆತ್ತಗಾಗುತ್ತದೆ, ಬಲೆ ಹರಿಯುವ ಚೂಪು ಹೋಗುತ್ತದೆ. ನಾದುವ ಶ್ರಮವೂ ಅರ್ಧ ಉಳಿಯುತ್ತದೆ.

ಆಮೇಲೆ ಯೀಸ್ಟ್, ಉಪ್ಪು, ಕೊನೆಗೆ ಎಣ್ಣೆ ಹಾಕಿ ಐದಾರು ನಿಮಿಷ ನಾದಿ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ತುಸು ಅಂಟಬೇಕು. ಇಲ್ಲೇ ಎಲ್ಲರೂ ಎಡವುವುದು. ಅಂಟುತ್ತದೆ ಅಂತ ಒಣ ಹಿಟ್ಟು ಸುರಿಯುತ್ತಾರೆ. ಬೇಡ. ಕೈಗೆ ನೀರು ಹಚ್ಚಿಕೊಳ್ಳಿ. ಜೋಳದ ರೊಟ್ಟಿ ಹಿಟ್ಟು ಮಿದಿಯುವಾಗ ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಳ್ಳುತ್ತೇವಲ್ಲ, ಹಾಗೇ.

ಯೀಸ್ಟ್ ಬಗ್ಗೆ ಎರಡು ಮಾತು. ಅದೊಂದು ಜೀವ. ನೀರು ಕೈಗೆ ಉಗುರುಬೆಚ್ಚಗೆ ಅನ್ನಿಸಿದರೆ ಸರಿ, ಚುರುಕ್ ಅಂದರೆ ಆರಿಸಿ. 60 ಡಿಗ್ರಿ ಮುಟ್ಟುವಷ್ಟರಲ್ಲಿ ಯೀಸ್ಟ್ ಸಾಯುತ್ತದೆ. ಹಳೇ ಪೊಟ್ಟಣ ಇದ್ದು ಅನುಮಾನ ಬಂದರೆ ಕಾಲು ಬಟ್ಟಲು ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಬದುಕಿದೆ. ಬರದಿದ್ದರೆ ಬಿಸಾಡಿ, ಹಿಟ್ಟು ಹಾಳು ಮಾಡಿಕೊಳ್ಳಬೇಡಿ. ಬೇಕರಿಯವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಯೀಸ್ಟ್ ಅಗ್ಗ. ತೆರೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ನಾದಿದ ಹಿಟ್ಟನ್ನು ಎಣ್ಣೆ ಸವರಿದ ದೊಡ್ಡ ಪಾತ್ರೆಯಲ್ಲಿ ಹಾಕಿ, ಮುಚ್ಚಿ, ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್‌ಗೆ ಸೇರಿಸಿ. ರಾತ್ರಿ ಕಲಸಿದ್ದು ಮರುದಿನ ಸಂಜೆಗೆ ಹದವಾಗಿರುತ್ತದೆ. ತಣ್ಣಗೆ ನಿಧಾನ ಹುದುಗಿದ ಹಿಟ್ಟಿಗೆ ಬರುವ ರುಚಿ ಅವಸರದ ಹಿಟ್ಟಿಗೆ ಬರುವುದಿಲ್ಲ. ಅವತ್ತೇ ಬೇಕು ಅಂದರೆ ಯೀಸ್ಟ್ ಒಂದು ಚಮಚಕ್ಕೆ ಏರಿಸಿ ಹೊರಗೇ ಇಡಿ, ಸುಮಾರು ಎರಡು ಗಂಟೆ.

"ಸುಮಾರು" ಅಂದೆ. ಯಾಕೆಂದರೆ ನಮ್ಮ ಊರಿನಲ್ಲಿ ಗಡಿಯಾರ ನೋಡಿ ಹಿಟ್ಟು ಉಬ್ಬಿಸಲು ಆಗುವುದಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಒಂದು ಗಂಟೆಯಲ್ಲೇ ದುಪ್ಪಟ್ಟು ಆದೀತು. ಧಾರವಾಡದ ಡಿಸೆಂಬರ್ ಚಳಿಯಲ್ಲಿ, ಅದರಲ್ಲೂ ಕಲ್ಲು ಹಾಸಿದ ಹಳೇ ಮನೆಯಲ್ಲಿ, ಮೂರು ಗಂಟೆಯಾದರೂ ಅಲುಗುವುದಿಲ್ಲ. ಒಂದು ಬೇಸಿಗೆಯಲ್ಲಿ ನಾನು ಹಿಟ್ಟು ಕಲಸಿ ಹೊರಗಿಟ್ಟು ಮದುವೆಗೆ ಹೋದೆ. ಊಟ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿ, ಕಟ್ಟೆ ಇಳಿದು, ಅಡುಗೆಮನೆಯೆಲ್ಲ ಹೆಂಡದಂಗಡಿ ವಾಸನೆ. ಗಾತ್ರ ದುಪ್ಪಟ್ಟು ಆಯಿತೇ, ಬೆರಳಿನಿಂದ ಒತ್ತಿದರೆ ಗುಳಿ ನಿಧಾನ ಮೇಲೆ ಬರುತ್ತದೆಯೇ, ಅಷ್ಟು ನೋಡಿ. ಗಡಿಯಾರ ಬಿಡಿ.

ಕೆಂಪು ಬಣ್ಣಕ್ಕೆ ಬ್ಯಾಡಗಿ

ಟೊಮೆಟೊ ಕೆಚಪ್ ಬಳಿಯಬೇಡಿ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸಕ್ಕರೆ. ಮನೆಯ ಸಾಸ್ ಇಪ್ಪತ್ತು ನಿಮಿಷದ ಕೆಲಸ.

ಅರ್ಧ ಕಿಲೋ ಟೊಮೆಟೊ, ಎರಡು ಬ್ಯಾಡಗಿ ಮೆಣಸಿನಕಾಯಿ, ಐದಾರು ಎಸಳು ಬಳ್ಳೊಳ್ಳಿ. ಮೆಣಸಿನಕಾಯಿಯ ಬೀಜ ಉದುರಿಸಿ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಟೊಮೆಟೊ ಜೊತೆ ಮಿಕ್ಸಿಗೆ ಹಾಕಿ. ಬಾಣಲೆಯಲ್ಲಿ ಒಂದು ಚಮಚ ಶೇಂಗಾ ಎಣ್ಣೆ ಕಾಯಿಸಿ, ಜಜ್ಜಿದ ಬಳ್ಳೊಳ್ಳಿ ಬಾಡಿಸಿ, ರುಬ್ಬಿದ್ದನ್ನು ಸುರಿದು ಮಧ್ಯಮ ಉರಿಯಲ್ಲಿ ಕುದಿಸಿ. ಚಮಚ ಎಳೆದರೆ ಬಾಣಲೆಯ ತಳ ಕಂಡು, ಎರಡು ಕ್ಷಣ ಹಾಗೇ ನಿಲ್ಲಬೇಕು. ಅಲ್ಲಿಯವರೆಗೆ ಇಳಿಸಬೇಡಿ. ನೀರು ಉಳಿದ ಸಾಸ್ ರೊಟ್ಟಿಯನ್ನು ಹಸಿ ಮಾಡುತ್ತದೆ. ಜವಾರಿ ಟೊಮೆಟೊ ರುಚಿಯಲ್ಲಿ ಮೇಲು, ಆದರೆ ಹುಳಿ, ನೀರು ಎರಡೂ ಜಾಸ್ತಿ. ಕುದಿಯಲು ಹೊತ್ತು ಬೇಕು, ಚಿಕ್ಕ ಚೂರು ಬೆಲ್ಲವೂ ಬೇಕಾದೀತು. ತಿರುಳು ಹೆಚ್ಚಿರುವ ಹೈಬ್ರಿಡ್ ಹಣ್ಣು ಬೇಗ ಗಟ್ಟಿಯಾಗುತ್ತದೆ. ನಾನು ಅರ್ಧರ್ಧ ಹಾಕುತ್ತೇನೆ.

ಬ್ಯಾಡಗಿ ಯಾಕೆ ಅಂದರೆ ಅದಕ್ಕೆ ಖಾರ ಕಡಿಮೆ, ಬಣ್ಣ ವಿಪರೀತ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ. ಅದರ ಬಣ್ಣವನ್ನು ಹಿಂಡಿ ತೆಗೆದು ಆಹಾರಕ್ಕೆ, ತುಟಿರಂಗಿಗೆ ಎಲ್ಲ ಬಳಸುತ್ತಾರೆ. ಬ್ಯಾಡಗಿಯಲ್ಲಿ ಎರಡು ಬಗೆ: ಡಬ್ಬಿ ಸಿಕ್ಕರೆ ಡಬ್ಬಿ, ಇಲ್ಲದಿದ್ದರೆ ಕಡ್ಡಿ. ಎರಡೇ ಎರಡು ಕಾಯಿಗೆ ಮಾಸಲು ಟೊಮೆಟೊ ಸಾಸ್ ಕೂಡ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೂ ಖಾರ ಹತ್ತುವುದಿಲ್ಲ. ಇಟಲಿಯ ಅಡುಗೆಗೆ ಬ್ಯಾಡಗಿ ಏನು ಸಂಬಂಧ ಅಂತ ನಮ್ಮ ಮನೆಯವರು ಕೇಳಿದ್ದರು. ಟೊಮೆಟೊ ಇಟಲಿಯದ್ದಲ್ಲ, ಮೆಣಸಿನಕಾಯಿ ನಮ್ಮದಲ್ಲ, ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ನಮ್ಮ ಬಾಣಲೆಯಲ್ಲಿ ಮತ್ತೆ ಸೇರುತ್ತಿವೆ, ಅಷ್ಟೇ.

ಇನ್ನು ಆ "ಪಿಜ್ಜಾ ವಾಸನೆ". ಅದು ಒರೆಗಾನೊ ಎಲೆಯದ್ದು. ಪೊಟ್ಟಣ ಕೊಳ್ಳುವ ಮೊದಲು ಹಿತ್ತಲಿನ ದೊಡ್ಡಪತ್ರೆ ಎಲೆ ಒಂದು ಚಿವುಟಿ ಮೂಸಿ ನೋಡಿ. ಒರೆಗಾನೊದ ವಾಸನೆಗೆ ಕಾರಣವಾದ ಕಾರ್ವಕ್ರಾಲ್ ಅನ್ನುವ ಎಣ್ಣೆಯಂಶ ದೊಡ್ಡಪತ್ರೆಯಲ್ಲೂ ಇದೆ. ಮೂರು ನಾಲ್ಕು ಎಲೆ ಸಣ್ಣಗೆ ಹೆಚ್ಚಿ ಸಾಸ್ ಇಳಿಸುವ ಮೊದಲು ಹಾಕಿ, ಜೊತೆಗೆ ಅಂಗೈಯಲ್ಲಿ ತಿಕ್ಕಿದ ಚಿಟಿಕೆ ಅಜವಾನ. ಜಾಸ್ತಿ ಹಾಕಿದರೆ ಕೆಮ್ಮಿನ ಕಷಾಯದ ನೆನಪು ಬರುತ್ತದೆ, ಹುಷಾರು.

ಈ ಸಾಸ್ ಸ್ವಲ್ಪ ಉಳಿಯುತ್ತದೆ. ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ, ಚಪಾತಿಗೆ ಹಚ್ಚಿಕೊಂಡರೂ ಚೆನ್ನ.

ಚೀಸ್ ಲೆಕ್ಕ

ಒಂದು ಪಿಜ್ಜಾಗೆ 20 ಗ್ರಾಂ ಮೊಜರೆಲ್ಲಾ, 20 ಗ್ರಾಂ ಮನೆಯ ಪನೀರ್. ಅಂದರೆ ನಾಲ್ಕಕ್ಕೆ 80 ಮತ್ತು 80.

ಪನೀರ್ ಒಂದೇ ಹಾಕಿದರೆ ಕರಗುವುದಿಲ್ಲ. ಕುದಿವ ಹಾಲನ್ನು ಹುಳಿ ಹಾಕಿ ಒಡೆಸಿದಾಗ ಅದರ ಪ್ರೋಟೀನ್ ಗಟ್ಟಿ ಹೆಣೆದುಕೊಂಡುಬಿಡುತ್ತದೆ, ಆಮೇಲೆ ಬಿಸಿಗೆ ಬಿಚ್ಚಿಕೊಳ್ಳುವುದಿಲ್ಲ. ಮೊಜರೆಲ್ಲಾ ಒಂದೇ ಹಾಕಿದರೆ ಜೇಬು ಕರಗುತ್ತದೆ. ಎರಡನ್ನೂ ಬೆರೆಸಿದರೆ ಮೊಜರೆಲ್ಲಾ ನೂಲು ಎಳೆಯುತ್ತದೆ, ಪನೀರ್ ಬಾಯಿಗೆ ಸಿಗುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 180 ಗ್ರಾಂ ಪನೀರ್ ಬರುತ್ತದೆ. ಒಡೆದ ನೀರನ್ನು ಚೆಲ್ಲಬೇಡಿ, ಮುಂದಿನ ಸಲ ಹಿಟ್ಟು ಕಲಸಲು ಆಗುತ್ತದೆ. ಪನೀರನ್ನು ಹೆಚ್ಚದೆ ಕೈಯಲ್ಲೇ ಪುಡಿ ಮಾಡಿ, ಚಿಟಿಕೆ ಉಪ್ಪು, ಮೆಣಸಿನಪುಡಿ ಬೆರೆಸಿಡಿ.

ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದುವ ಅಭ್ಯಾಸ ಇರಲಿ. ಮೊಜರೆಲ್ಲಾ ಅಂದರೆ ಹಾಲು, ಉಪ್ಪು, ಹಾಲು ಹೆಪ್ಪಾಗಿಸುವ ಪದಾರ್ಥ ಇಷ್ಟೇ ಇರಬೇಕು. "ಪಿಜ್ಜಾ ಟಾಪಿಂಗ್" ಅಂತ ಅಗ್ಗಕ್ಕೆ ಮಾರುವ ಕೆಲವುದರಲ್ಲಿ ಪಾಮ್ ಎಣ್ಣೆ, ಪಿಷ್ಟ ಇರುತ್ತದೆ. ನಾನೊಮ್ಮೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಒಂದು ಕಿಲೋ ತಂದೆ. ಬಿಸಿ ಇದ್ದಾಗ ಸರಿಯಾಗಿಯೇ ಇತ್ತು. ಆರಿದ ಮೇಲೆ ಅಂಗುಳಿಗೆ ಮೇಣ ಅಂಟಿದ ಹಾಗೆ. ಮನೆಗೆ ಬಂದ ಮೇಲೆ ಹಿಂಬದಿ ಓದಿದೆ, ತರುವ ಮೊದಲು ಓದಬೇಕಿತ್ತು.

ಉಪ್ಪಿನ ಮೇಲೂ ಒಂದು ಕಣ್ಣು. ದಿನಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲಿನ ಅಳತೆಯಲ್ಲಿ ಹಿಟ್ಟಿನಲ್ಲೇ ಒಂದು ಪಿಜ್ಜಾಗೆ ಒಂದೂವರೆ ಗ್ರಾಂ ಆಯಿತು, ಚೀಸ್‌ದೂ ಸೇರುತ್ತದೆ. ಹಾಗಾಗಿ ಸಾಸ್‌ಗೆ ನಾನು ಉಪ್ಪು ಹಾಕುವುದೇ ಇಲ್ಲ. ಬೇಕು ಅನ್ನಿಸಿಲ್ಲ.

ಮೇಲೆ ಏನು ಹಾಕುವುದು

ಇಲ್ಲಿ ಹುಬ್ಬಳ್ಳಿಯ ಜನತಾ ಬಜಾರ್‌ನಲ್ಲಿ, ಧಾರವಾಡದಲ್ಲಾದರೆ ಸೂಪರ್ ಮಾರ್ಕೆಟ್‌ನಲ್ಲಿ, ಅವತ್ತು ಯಾವುದು ಅಗ್ಗವೋ ಅದು. ಬ್ರೊಕೊಲಿ, ಆಲಿವ್ ಹುಡುಕಿಕೊಂಡು ಹೋಗುವ ಅಗತ್ಯ ಖಂಡಿತ ಇಲ್ಲ.

ಎಲ್ಲಕ್ಕೂ ಒಂದೇ ಕಟ್ಟುನಿಟ್ಟು: ಹಸಿ ತರಕಾರಿ ನೇರ ಹಾಕಬೇಡಿ, ಒಂದು ಪಿಜ್ಜಾಗೆ ಒಂದು ಹಿಡಿಗಿಂತ ಹೆಚ್ಚು ಬೇಡ. ಹಂಚಿನ ಮೇಲೆ ಮುಚ್ಚಿ ಬೇಯಿಸುವಾಗ ತರಕಾರಿ ನೀರು ಬಿಡುತ್ತದೆ, ಅದು ಹೋಗಲು ದಾರಿ ಇರುವುದಿಲ್ಲ. ಮೊದಲೇ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಹುರಿದು ಆರಿಸಿ.

ಉಳ್ಳಾಗಡ್ಡಿ, ದಪ್ಪ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಗೆದ್ದದ್ದು ಬೇರೆ. ಮುಳಗಾಯಿ (ಬದನೆಕಾಯಿ) ತೆಳ್ಳಗೆ ಹೆಚ್ಚಿ, ಬಳ್ಳೊಳ್ಳಿ ಹಾಕಿ ಕೆಂಪಗೆ ಹುರಿದದ್ದು. ಉಳ್ಳಾಗಡ್ಡಿ ತಪ್ಪಲು (ಈರುಳ್ಳಿ ಸೊಪ್ಪು) ಸಿಗುವ ಚಳಿಗಾಲದಲ್ಲಿ ಅದನ್ನೇ ಕೈತುಂಬ. ಮಡಿಕೆ ಕಾಳಿನ ಮೊಳಕೆ, ಅರ್ಧ ಬೇಯಿಸಿ, ನೀರು ಬಸಿದು ಹಾಕಿದರೆ ಪ್ರೋಟೀನೂ ಸೇರಿತು, ಬಾಯಿಗೆ ಕುರುಕಲೂ ಆಯಿತು. ಮೆಂತ್ಯ ಸೊಪ್ಪಿನ ಎಳೆ ಎಲೆಗಳನ್ನು ಮಾತ್ರ ಹುರಿಯದೆ, ಪಿಜ್ಜಾ ಇಳಿಸಿದ ಮೇಲೆ ಹಸಿಯಾಗಿಯೇ ಉದುರಿಸಿ. ಹಕ್ಕರಿಕೆ ಸೊಪ್ಪೂ ಹೀಗೇ. ಕೊನೆಗೆ ಮೇಲೆ ಶೇಂಗಾ ಚಟ್ನಿ ಪುಡಿ. ಗುರೆಳ್ಳು (ಹುಚ್ಚೆಳ್ಳು) ಪುಡಿಯಾದರೆ ಇನ್ನೂ ಒಳ್ಳೆಯದು. ಹೊರಗಿನವರು ಕೆಂಪು ಮೆಣಸಿನ ಚೂರು ಉದುರಿಸಿಕೊಳ್ಳುವ ಜಾಗದಲ್ಲಿ ನಾವು ಇದನ್ನು ಉದುರಿಸಿಕೊಳ್ಳುತ್ತೇವೆ.

ಸೋತದ್ದೂ ಹೇಳಬೇಕು. ಇಲ್ಲಿನ ದುರ್ಗದ ಬೈಲಿನಲ್ಲಿ ಗಿರ್ಮಿಟ್, ಅಂದರೆ ಮಸಾಲೆ ಕಲಸಿದ ಚುರುಮುರಿ, ತಿಂದು ಬಂದ ಹುರುಪಿನಲ್ಲಿ ಗಿರ್ಮಿಟ್ ಪಿಜ್ಜಾ ಮಾಡಿದೆ. ಚುರುಮುರಿ ಸಾಸ್ ಕುಡಿದು, ಚೀಸ್ ಕೆಳಗೆ ಮುದ್ದೆಯಾಗಿ ಕೂತಿತ್ತು. ಗಿರ್ಮಿಟ್ಟಿಗೂ ಅವಮಾನ, ಪಿಜ್ಜಾಗೂ ಅವಮಾನ.

ಹಂಚಿನ ಮೇಲೆ, ಒಂದೊಂದೇ ಹೆಜ್ಜೆ

ಫ್ರಿಜ್‌ನಿಂದ ಹಿಟ್ಟನ್ನು ಒಂದೂವರೆ ಗಂಟೆ ಮೊದಲೇ ಹೊರಗೆ ತೆಗೆಯಿರಿ. ನಾಲ್ಕು ಉಂಡೆ ಮಾಡಿ ಒದ್ದೆ ಬಟ್ಟೆ ಮುಚ್ಚಿಡಿ. ತಣ್ಣಗಿರುವ ಹಿಟ್ಟು ಎಳೆದಷ್ಟೂ ಹಿಂದಕ್ಕೆ ಓಡುತ್ತದೆ, ಬೆಚ್ಚಗಾದರೆ ಹೇಳಿದ ಹಾಗೆ ಕೇಳುತ್ತದೆ.

ಕಬ್ಬಿಣದ ದಪ್ಪ ಹಂಚೇ ಬೇಕು. ನಾನ್‌ಸ್ಟಿಕ್ ಬೇಡ. ಅದನ್ನು ಖಾಲಿ ಇಟ್ಟು ಜೋರಾಗಿ ಕಾಯಿಸುವುದು ಒಳ್ಳೆಯದಲ್ಲ, ಮೇಲಿನ ಲೇಪ ಕೆಡುತ್ತದೆ. ಹಂಚನ್ನು ಮಧ್ಯಮ ಉರಿಯಲ್ಲಿ ಐದು ಪೂರ್ತಿ ನಿಮಿಷ ಕಾಯಿಸಿ. ನೀರು ಚಿಮುಕಿಸಿದರೆ ಹನಿ ಗುಂಡಗಾಗಿ ಓಡಬೇಕು. ನಮ್ಮ ಅತ್ತೆಯ ಪರೀಕ್ಷೆ ಇನ್ನೊಂದು, ಚಿಟಿಕೆ ಒಣ ಹಿಟ್ಟು ಉದುರಿಸುವುದು. ಕೂಡಲೇ ಕಪ್ಪಾದರೆ ಕಾವು ಜಾಸ್ತಿ, ಹಾಗೇ ಬೆಳ್ಳಗಿದ್ದರೆ ಕಡಿಮೆ, ಏಳೆಂಟು ಎಣಿಸುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಹದ.

ಉಂಡೆಯನ್ನು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಅಗಲ ಮಾಡಿ. ಅಂಚು ತುಸು ದಪ್ಪ ಇರಲಿ. ಕೈಯಲ್ಲಿ ಬರದಿದ್ದರೆ ಲಟ್ಟಣಿಗೆ ಹಿಡಿಯಿರಿ, ಯಾರೂ ಬೈಯುವುದಿಲ್ಲ. ಗೋಧಿ ಹಿಟ್ಟಿಗೆ ಅರ್ಧ ಸೆಂಟಿಮೀಟರ್ ದಪ್ಪ ಸರಿ, ಅದಕ್ಕಿಂತ ದಪ್ಪವಾದರೆ ಒಳಗೆ ಬೇಯುವುದಿಲ್ಲ.

ಹಂಚಿನ ಮೇಲೆ ಹಾಕಿ, ಮುಚ್ಚಬೇಡಿ. ಒಂದೂವರೆ ಎರಡು ನಿಮಿಷದಲ್ಲಿ ಮೇಲೆ ಗುಳ್ಳೆ ಏಳುತ್ತದೆ, ಕೆಳಗೆ ಕಂದು ಚುಕ್ಕೆ ಬಿದ್ದಿರುತ್ತದೆ. ಈಗ ತಿರುವಿ ಹಾಕಿ, ಉರಿಯನ್ನು ಪೂರ್ತಿ ಸಣ್ಣದು ಮಾಡಿ. ಸುಟ್ಟು ಗಟ್ಟಿಯಾದ ಬದಿ ಈಗ ಮೇಲೆ ಬಂತಲ್ಲ, ಅದರ ಮೇಲೆಯೇ ಸಾಸ್ ಹಚ್ಚುವುದು. ಹಸಿ ಹಿಟ್ಟಿನ ಮೇಲೆ ಹಚ್ಚಿದರೆ ನೀರು ಒಳಗಿಳಿಯುತ್ತದೆ, ಬೆಂದ ಬದಿಯ ಮೇಲೆ ಇಳಿಯುವುದಿಲ್ಲ. ಓವನ್ ಇಲ್ಲದ ಪಿಜ್ಜಾದ ಗುಟ್ಟು ಏನಾದರೂ ಇದ್ದರೆ ಇದೊಂದೇ.

ಎರಡು ದೊಡ್ಡ ಚಮಚ ಸಾಸ್, ಅದರ ಮೇಲೆ ಪನೀರ್, ತರಕಾರಿ, ಎಲ್ಲದರ ಮೇಲೆ ತುರಿದ ಮೊಜರೆಲ್ಲಾ. ಎತ್ತರದ ಪಾತ್ರೆಯೊಂದನ್ನು ಬೋರಲು ಮುಚ್ಚಿ. ಚೀಸ್‌ಗೆ ತಾಗಬಾರದು. ನಾಲ್ಕೈದು ನಿಮಿಷ ಸಣ್ಣ ಉರಿ. ನಡುವೆ ಒಮ್ಮೆ ಮುಚ್ಚಳ ಎತ್ತಿ ಒಳಗಿನ ಹನಿಗಳನ್ನು ಬಟ್ಟೆಯಿಂದ ಒರೆಸಿ ಮತ್ತೆ ಮುಚ್ಚಿ. ಚೀಸ್ ಕರಗಿದ ಮೇಲೆ ಮುಚ್ಚಳ ತೆಗೆದು ಇನ್ನೊಂದು ನಿಮಿಷ ಬಿಡಿ, ತಳ ಗರಿಯಾಗುತ್ತದೆ. ಚೀಸ್ ಮೇಲೆ ಹೋಟೆಲಿನ ಹಾಗೆ ಕಂದು ಚುಕ್ಕೆ ಮಾತ್ರ ಹಂಚಿನಲ್ಲಿ ಬರುವುದಿಲ್ಲ, ಅದಕ್ಕೆ ಮೇಲಿನಿಂದ ಕಾವು ಬೇಕು. ನೇಪಲ್ಸ್‌ನಲ್ಲಿ ಕಟ್ಟಿಗೆ ಒಲೆಯ ಕಾವು 430 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಹೊರಗೆ ಬರುತ್ತದೆ. ನಮಗೆ ಆ ಚುಕ್ಕೆ ಬೇಡ, ಬಿಡಿ.

ಇಳಿಸಿದ ಕೂಡಲೇ ತಟ್ಟೆಗೆ ಹಾಕಬೇಡಿ. ಹಬೆಗೆ ತಳ ಮೆತ್ತಗಾಗುತ್ತದೆ. ಬಿದಿರಿನ ರೊಟ್ಟಿ ಬುಟ್ಟಿಯ ಮೇಲೆ ಎರಡು ನಿಮಿಷ ಇಡಿ, ಆಮೇಲೆ ಕತ್ತರಿಸಿ.

ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಇದ್ದವರು ಹಿಡಿಕೆ ಇಲ್ಲದ ಕಬ್ಬಿಣದ ಹಂಚನ್ನೇ ಒಳಗಿಟ್ಟು, ಇರುವಷ್ಟು ಹೆಚ್ಚಿನ ಕಾವಿನಲ್ಲಿ ಅರ್ಧ ಗಂಟೆ ಕಾಯಿಸಿ, ಅದರ ಮೇಲೆ ಪಿಜ್ಜಾ ಜಾರಿಸಿ. ಎಂಟರಿಂದ ಹತ್ತು ನಿಮಿಷ. ಚೆನ್ನಾಗಿಯೇ ಬರುತ್ತದೆ. ಆದರೆ 1500 ವಾಟಿನ ಓಟಿಜಿ ಒಂದು ಗಂಟೆ ಪೂರ್ತಿ ಉರಿದರೆ ಒಂದೂವರೆ ಯೂನಿಟ್, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಕುಕ್ಕರ್ ಖಾಲಿ ಕಾಯಿಸಿ ಒಳಗೆ ಪಿಜ್ಜಾ ಇಡುವ ಉಪಾಯವೂ ಇದೆ. ನಾನು ಮಾಡುವುದಿಲ್ಲ. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಕೆಡುತ್ತದೆ. ಹೊಸ ಕುಕ್ಕರಿನ ದುಡ್ಡಿನಲ್ಲಿ ಎಷ್ಟು ಪಿಜ್ಜಾ ಆದೀತು, ನೀವೇ ಲೆಕ್ಕ ಹಾಕಿ.

ಹಿಟ್ಟು ಕಲಸಲು ಮರೆತ ದಿನ

ಎರಡು ದಾರಿ ಇವೆ. 200 ಗ್ರಾಂ ಗೋಧಿ ಹಿಟ್ಟಿಗೆ ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಹಿಡಿಯುವಷ್ಟು ಮೊಸರು ಹಾಕಿ ಮೆತ್ತಗೆ ಕಲಸಿ, ಹದಿನೈದು ನಿಮಿಷ ಬಿಟ್ಟು ಮೇಲಿನ ಹಾಗೇ ಹಂಚಿಗೆ ಹಾಕಿ. ಎರಡು ಪಿಜ್ಜಾ ಆಗುತ್ತವೆ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಒರಟು.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಖಡಕ್ ರೊಟ್ಟಿ. ಎಲ್ಲ ಓಣಿಯಲ್ಲೂ ರೊಟ್ಟಿ ಮಾಡಿ ಮಾರುವವರು ಇದ್ದಾರೆ. ಒಂದು ಖಡಕ್ ಜೋಳದ ರೊಟ್ಟಿಯ ಮೇಲೆ ಗಟ್ಟಿ ಸಾಸ್ ತೆಳ್ಳಗೆ ಹಚ್ಚಿ, ಪನೀರ್, ಸ್ವಲ್ಪ ಚೀಸ್, ಹುರಿದ ಉಳ್ಳಾಗಡ್ಡಿ ಹಾಕಿ, ಕಾದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಮುಚ್ಚಿ. ಮೈದಾ ಇಲ್ಲ, ಯೀಸ್ಟ್ ಇಲ್ಲ, ಕಾಯುವ ಕೆಲಸವೂ ಇಲ್ಲ. ಕಟುಂ ಅಂತ ಮುರಿಯುತ್ತದೆ. ಗೋಧಿ ಆಗದವರಿಗೂ ನಡೆಯುತ್ತದೆ, ರೊಟ್ಟಿ ಮಾಡುವವರು ಗೋಧಿ ಹಿಟ್ಟು ಬೆರೆಸಿಲ್ಲ ಅಂತ ಕೇಳಿಕೊಂಡರಾಯಿತು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ನಮ್ಮ ತಮ್ಮನ ಮಗ ವಾರಕ್ಕೆರಡು ದಿನ ಇದನ್ನೇ ಮಾಡಿಕೊಳ್ಳುತ್ತಾನೆ. ಅವನ ಹತ್ತಿರ ಇರುವುದು ಒಂದು ಒಲೆ, ಒಂದು ಹಂಚು.

ಎಷ್ಟಾಯಿತು?

ನಾನು ಕೊಳ್ಳುವ ದರದಲ್ಲಿ ಹೇಳುತ್ತೇನೆ, ನಿಮ್ಮಲ್ಲಿ ಐದು ಹತ್ತು ರೂಪಾಯಿ ಆಚೀಚೆ ಆದೀತು. ಹಿಟ್ಟು 20 ರೂಪಾಯಿ. ಟೊಮೆಟೊ, ಮೆಣಸಿನಕಾಯಿ, ಬಳ್ಳೊಳ್ಳಿ ಸೇರಿ 25. ಮೊಜರೆಲ್ಲಾ 80 ಗ್ರಾಂಗೆ 55, ಪನೀರಿಗೆ 25. ತರಕಾರಿ 15. ಎಣ್ಣೆ, ಯೀಸ್ಟ್, ಗ್ಯಾಸ್ ಅಂತ 10 ಹಿಡಿಯೋಣ. ಒಟ್ಟು 150, ಒಂದಕ್ಕೆ 37 ರೂಪಾಯಿ 50 ಪೈಸೆ. ನೋಡಿದಿರಾ, ಅರ್ಧಕ್ಕಿಂತ ಹೆಚ್ಚು ಚೀಸ್, ಪನೀರಿಗೇ ಹೋಯಿತು. ಪನೀರ್ ಬಿಟ್ಟು 160 ಗ್ರಾಂ ಪೂರ್ತಿ ಮೊಜರೆಲ್ಲಾ ಹಾಕಿದ್ದರೆ ಮೂವತ್ತು ರೂಪಾಯಿ ಮೇಲೆ ಹೋಗುತ್ತಿತ್ತು. ಟೊಮೆಟೊ ದರ ಏರಿದ ತಿಂಗಳಲ್ಲಿ ಸಾಸ್‌ಗೆ ಅರ್ಧ ಟೊಮೆಟೊ, ಅರ್ಧ ಬೇಯಿಸಿದ ಕೆಂಪು ಕುಂಬಳ ಹಾಕಿ, ಹುಳಿಗೆ ತುಸು ಹುಣಸೆ ಹಿಂಡುತ್ತೇನೆ. ಬ್ಯಾಡಗಿ ಬಣ್ಣದ ಕೆಳಗೆ ಯಾರಿಗೂ ಸಿಕ್ಕಿಬಿದ್ದಿಲ್ಲ.

ನಾಲ್ಕೂ ಉಂಡೆ ಒಂದೇ ದಿನ ಮುಗಿಸಬೇಕಾಗಿಲ್ಲ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತವೆ, ಎರಡನೇ ದಿನದ್ದೇ ಹೆಚ್ಚು ರುಚಿ. ಉಳಿದ ಪಿಜ್ಜಾ ತುಂಡನ್ನು ಮೈಕ್ರೋವೇವ್‌ಗೆ ಇಟ್ಟರೆ ಜಗಿಯಲು ಆಗುವುದಿಲ್ಲ, ಸಣ್ಣ ಉರಿಯ ಹಂಚಿನ ಮೇಲೆ ಎರಡು ನಿಮಿಷ ಮುಚ್ಚಿಡಿ. ಅತ್ತೆಗೆ ಮಾತ್ರ ಚೀಸ್ ಇಂದಿಗೂ ಸೇರುವುದಿಲ್ಲ. ಅವರಿಗಾಗಿ ಕೊನೆಯ ಉಂಡೆಯನ್ನು ಎರಡೂ ಬದಿ ಬರೀ ಹಾಗೇ ಸುಡುತ್ತೇನೆ. ಮೇಲೆ ಒಂದು ಚಮಚ ಶೇಂಗಾ ಎಣ್ಣೆ, ಪಕ್ಕಕ್ಕೆ ಮುಳಗಾಯಿ ಪಲ್ಯ.

"ಈಗ ಹಂಚು ಕಾದಿತ್ತು ನೋಡು" ಅನ್ನುತ್ತಾರೆ.